ಸರ್ವರಿನ ಬಿಸಿ ಯಾರನ್ನು ಕೇಳಬೇಕು: ಎಲ್‌ಎಂ-ಸೆನ್ಸರ್ಸ್, ಬಿಎಂಸಿ, ರೆಡ್‌ಫಿಶ್ ಹೋಲಿಕೆ

"ಎಲ್‌ಎಂ-ಸೆನ್ಸರ್ಸ್ ಸಾಕಾ, ಐಪಿಎಂಐ ಬೇಕಾ, ಇಲ್ಲ ಸೀದಾ ನೆಟ್‌ಡೇಟಾ ಹಾಕಿಬಿಡಲಾ?" ಡೆಬಿಯನ್ನೋ ಉಬುಂಟುವೋ ಹಾಕಿದ ಸರ್ವರ್ ಮೊದಲ ಸಲ ಕೈಗೆ ಬಂದವರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಪ್ರಶ್ನೆಯಲ್ಲೇ ಒಂದು ಗೊಂದಲವಿದೆ. ಮೊದಲಿನ ಎರಡು ಯಂತ್ರದಿಂದ ಬಿಸಿ, ಫ್ಯಾನುಗಳ ಅಂಕಿ ತೆಗೆಯುವ ದಾರಿಗಳು: ಎಲ್‌ಎಂ-ಸೆನ್ಸರ್ಸ್ ಲಿನಕ್ಸಿನ ಮೂಲಕ, ಐಪಿಎಂಐ ಬೋರ್ಡಿನ ಮೇಲಿನ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರಿನ ಮೂಲಕ. ಮೂರನೆಯದು ತೆಗೆದ ಅಂಕಿಯನ್ನು ಕೂಡಿಟ್ಟು, ಗ್ರಾಫ್ ಬಿಡಿಸಿ, ಮಿತಿ ಮೀರಿದರೆ ನಿಮ್ಮನ್ನು ಕೂಗಿ ಎಬ್ಬಿಸುವ ಸಾಧನ. ಅಂಕಿಯೇ ತಪ್ಪಾಗಿದ್ದರೆ ಮೇಲೆ ಎಷ್ಟು ಚಂದದ ಡ್ಯಾಶ್‌ಬೋರ್ಡ್ ಇಟ್ಟರೂ ಅದು ಸುಳ್ಳನ್ನೇ ಬಣ್ಣ ಹಚ್ಚಿ ತೋರಿಸುತ್ತದೆ. ಹಾಗಾಗಿ ಅಂಕಿ ಎಲ್ಲಿಂದ ಬರಬೇಕು ಎಂಬುದನ್ನು ಮೊದಲು ತೂಗೋಣ, ಕೂಗುವ ಸಾಧನದ ಮಾತು ಆಮೇಲೆ.

ನನ್ನ ನಿಲುವು ಇಷ್ಟು: ಈ ಆಯ್ಕೆ ನಿಮ್ಮ ಇಷ್ಟದ ಸಾಫ್ಟ್‌ವೇರಿಗಿಂತ ನಿಮ್ಮ ಮದರ್‌ಬೋರ್ಡಿನ ಮೇಲೆ ನಿಂತಿದೆ. ಫ್ಯಾನಿನ ತಂತಿ ಯಾವ ಚಿಪ್ಪಿಗೆ ಹೋಗಿ ಸೇರಿದೆಯೋ ಫ್ಯಾನಿನ ಸುದ್ದಿಯನ್ನು ಆ ಚಿಪ್ಪನ್ನೇ ಕೇಳಬೇಕು. ಬೇರೆಯವರು ಹೇಳಲಾರರು.

ಯಾವುದರಿಂದ ತೂಗುವುದು

ಐದು ಪ್ರಶ್ನೆ ಇಟ್ಟುಕೊಂಡರೆ ಸಾಕು.

ಏನೇನು ಕಾಣುತ್ತದೆ ಎಂಬುದು ಮೊದಲನೆಯದು. ಸಿಪಿಯುವಿನ ಬಿಸಿಯನ್ನು ಬಹುತೇಕ ಎಲ್ಲ ದಾರಿಗಳೂ ಕೊಡುತ್ತವೆ. ಫ್ಯಾನ್ ಸುತ್ತುತ್ತಿದೆಯೇ, ಎರಡು ಪವರ್ ಸಪ್ಲೈಗಳಲ್ಲಿ ಒಂದು ಕೈಕೊಟ್ಟಿದೆಯೇ, ಮುಂಬದಿಯಿಂದ ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಎಂಬುದನ್ನು ಎಲ್ಲವೂ ಹೇಳುವುದಿಲ್ಲ. ಈ ಒಳಗಾಳಿಯ ಅಂಕಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಡೇಟಾ ಸೆಂಟರುಗಳಿಗೆ ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆ ಶಿಫಾರಸು ಮಾಡಿರುವುದು 18ರಿಂದ 27 ಡಿಗ್ರಿ ಸೆಲ್ಸಿಯಸ್. ನಮ್ಮ ಸಣ್ಣ ಕಚೇರಿ, ಕಾಲೇಜುಗಳಲ್ಲಿ ಸರ್ವರಿಗೆ ಯುಪಿಎಸ್ ಇರುತ್ತದೆ, ಎಸಿಗೆ ಇರುವುದು ಅಪರೂಪ. ಏಪ್ರಿಲ್-ಮೇನಲ್ಲಿ ಹೊರಗೆ 40 ಡಿಗ್ರಿ ದಾಟುವ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕರೆಂಟು ಹೋಯಿತೆನ್ನಿ. ಎಸಿ ನಿಲ್ಲುತ್ತದೆ. ಸರ್ವರ್ ಬ್ಯಾಟರಿಯ ಮೇಲೆ ಓಡುತ್ತಲೇ ಮುಚ್ಚಿದ ಕೋಣೆಯನ್ನು ಕಾಯಿಸುತ್ತಿರುತ್ತದೆ. ಅದು ನೇರವಾಗಿ ಕಾಣಿಸುವುದು ಒಳಗಾಳಿಯ ಅಂಕಿಯಲ್ಲಿ. ಸಿಪಿಯು ಬಿಸಿ ಕೆಲಸದ ಹೊರೆಗೆ ತಕ್ಕಂತೆ ದಿನವಿಡೀ ಏರಿಳಿಯುವುದರಿಂದ ಕೋಣೆ ಕಾದದ್ದನ್ನು ಅದರಲ್ಲಿ ಗುರುತಿಸುವುದು ಕಷ್ಟ.

ಎರಡನೆಯದು, ಓಎಸ್ ಹ್ಯಾಂಗ್ ಆದಾಗಲೂ ಸುದ್ದಿ ಬರುತ್ತದೆಯೇ. ಮೂರನೆಯದು, ಬಂದ ಅಂಕಿಯನ್ನು ನಂಬಬಹುದೇ, ಇಲ್ಲದಿದ್ದರೆ ಸರಿಪಡಿಸಲು ಎಷ್ಟು ಒದ್ದಾಡಬೇಕು. ನಾಲ್ಕನೆಯದು, ಈ ಅನುಕೂಲಕ್ಕಾಗಿ ನೆಟ್‌ವರ್ಕಿನಲ್ಲಿ ಹೊಸ ಬಾಗಿಲು ತೆರೆಯಬೇಕೇ. ಐದನೆಯದು ಖರ್ಚು. ಇಲ್ಲಿ ಬರುವ ಸಾಫ್ಟ್‌ವೇರನ್ನು ಕಾಸು ಕೊಡದೆ ಹಾಕಿಕೊಳ್ಳಬಹುದು. ಹಣ ಹೋಗುವುದು ಬೋರ್ಡಿಗೆ, ಸಮಯ ಹೋಗುವುದು ಕರ್ನಲ್ ಅಪ್‌ಡೇಟ್ ಆದಾಗ ಮುರಿದದ್ದನ್ನು ಕೂಡಿಸುವುದಕ್ಕೆ.

ಮೊದಲು ನೋಡಬೇಕಾದ್ದು: ಬಿಎಂಸಿ ಇದೆಯೇ?

ಬಿಎಂಸಿ ಎಂದರೆ ಸರ್ವರ್ ಬೋರ್ಡಿನ ಮೇಲೆ ತನ್ನ ಪಾಡಿಗೆ ತಾನು ಓಡುವ ಇನ್ನೊಂದು ಪುಟ್ಟ ಕಂಪ್ಯೂಟರ್. ಪ್ಲಗ್ಗಿನಲ್ಲಿ ಕರೆಂಟು ಇದ್ದರೆ ಸಾಕು, ಸರ್ವರ್ ಆಫ್ ಆಗಿದ್ದರೂ ಅದು ಎಚ್ಚರವಾಗಿರುತ್ತದೆ. ಡೆಲ್‌ನವರು ಇದನ್ನು ಐಡ್ರಾಕ್ ಎನ್ನುತ್ತಾರೆ, ಎಚ್‌ಪಿಇಯವರು ಐಎಲ್‌ಒ, ಫುಜಿತ್ಸುವಿನವರು ಐಆರ್‌ಎಂಸಿ. ಸೂಪರ್‌ಮೈಕ್ರೋ ಬೋರ್ಡುಗಳಲ್ಲಿ ಹೆಚ್ಚಾಗಿ ಏಸ್ಪೀಡ್ ಕಂಪನಿಯ ಚಿಪ್ ಈ ಕೆಲಸ ಮಾಡುತ್ತದೆ.

ಇದೆಯೋ ಇಲ್ಲವೋ ತಿಳಿಯಲು ಪೆಟ್ಟಿಗೆ ಬಿಚ್ಚಬೇಕಿಲ್ಲ. ರೂಟ್ ಆಗಿ ಡಿಎಂಐಡಿಕೋಡ್ ಆದೇಶ ಕೊಟ್ಟು ಟೈಪ್ 38 ಕೇಳಿ. "ಐಪಿಎಂಐ ಡಿವೈಸ್" ಎಂಬ ವಿವರ ಬಂದರೆ ಇದೆ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಏಸ್ಪೀಡ್ ಹೆಸರಿನ ವಿಜಿಎ ಕಂಡರೂ ಬಹುಪಾಲು ಇದೆ ಎಂದೇ ಲೆಕ್ಕ. ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಬಾಡಿಗೆಗೆ ತೆಗೆದುಕೊಂಡ ವಿಪಿಎಸ್‌ನಲ್ಲಿ ಕೂತು ಇದನ್ನು ಓದುತ್ತಿದ್ದರೆ ಸಮಯ ಉಳಿಸಿಕೊಳ್ಳಿ. ವರ್ಚುಯಲ್ ಮೆಷಿನ್ನಿನ ಒಳಗೆ ಬೋರ್ಡಿನ ಸೆನ್ಸರುಗಳು ಕಾಣುವುದಿಲ್ಲ, ಯಾವ ಪ್ಯಾಕೇಜ್ ಹಾಕಿದರೂ ಅಷ್ಟೇ. ವರ್ಚುಯಲ್ ಮೆಷಿನ್‌ಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಯಂತ್ರ ನಿಮ್ಮದೇ ಆಗಿದ್ದರೆ ಸೆನ್ಸರಿನ ಕೆಲಸವನ್ನೆಲ್ಲ ಹೋಸ್ಟಿನ ಮೇಲೆ ಮಾಡಿ, ಒಳಗಿನ ವಿಎಂಗಳ ಮೇಲಲ್ಲ.

ಎಲ್‌ಎಂ-ಸೆನ್ಸರ್ಸ್: ಪುಕ್ಕಟೆ, ಆದರೆ ಅಂಕಿಗೆ ಅರ್ಥ ನೀವೇ ಹಚ್ಚಬೇಕು

1990ರ ದಶಕದ ಕೊನೆಯಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78, ಎಲ್‌ಎಂ75 ಚಿಪ್ಪುಗಳನ್ನು ಓದಲು ಹುಟ್ಟಿದ ಯೋಜನೆಯಿದು. ಇಂದು ನಿಜವಾದ ಕೆಲಸವೆಲ್ಲ ಕರ್ನಲ್ಲಿನ ಎಚ್‌ಡಬ್ಲ್ಯೂಮಾನ್ (ಹಾರ್ಡ್‌ವೇರ್ ಮಾನಿಟರ್) ಡ್ರೈವರುಗಳದು. ಇಂಟೆಲ್ ಸಿಪಿಯುವಿಗೆ ಕೋರ್‌ಟೆಂಪ್, ಎಎಂಡಿಗೆ ಕೆ10ಟೆಂಪ್, ಬೋರ್ಡಿನ ಫ್ಯಾನು-ವೋಲ್ಟೇಜಿಗೆ ನುವೋಟನ್ ಚಿಪ್ ಆದರೆ ಎನ್‌ಸಿಟಿ6775, ಐಟಿಇ ಚಿಪ್ ಆದರೆ ಐಟಿ87. ಯಾವುದು ಬೇಕೆಂದು ಹುಡುಕಿಕೊಡುವುದು ಸೆನ್ಸರ್ಸ್-ಡಿಟೆಕ್ಟ್ ಎಂಬ ಸ್ಕ್ರಿಪ್ಟ್.

ಈ ಸ್ಕ್ರಿಪ್ಟ್ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತದೆ. ಎಲ್ಲಕ್ಕೂ "ಯೆಸ್" ಒತ್ತುವ ಅಭ್ಯಾಸ ಬೇಡ. ಬರೀ ಎಂಟರ್ ಒತ್ತಿದರೆ ಅದು ತಾನೇ ಸುರಕ್ಷಿತವೆಂದು ಆರಿಸಿಟ್ಟ ಉತ್ತರವನ್ನು ತೆಗೆದುಕೊಳ್ಳುತ್ತದೆ. ಎಸ್‌ಎಂಬಸ್, ಅಂದರೆ ಬೋರ್ಡಿನ ಚಿಪ್ಪುಗಳು ಮಾತಾಡಿಕೊಳ್ಳುವ ತಂತಿಯ ಮೇಲಿನ ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುವುದು ಪೂರ್ತಿ ನಿರಪಾಯವಲ್ಲ. ಹಿಂದೆ ಐಬಿಎಂ ಥಿಂಕ್‌ಪ್ಯಾಡುಗಳ ಕೆಲವು ಮಾದರಿಗಳಲ್ಲಿ ಹೀಗೆ ತಟ್ಟಿದ್ದರಿಂದಲೇ ಸೆಟ್ಟಿಂಗ್ ಉಳಿಸಿಡುವ ಇಇಪ್ರಾಮ್ ಚಿಪ್ ಕೆಟ್ಟು ಯಂತ್ರಗಳು ಏಳದೇ ಹೋಗಿದ್ದವು. ಬಿಎಂಸಿ ಇರುವ ಸರ್ವರಿನಲ್ಲಿ ಎಸ್‌ಎಂಬಸ್ ತಡಕುವ ಪ್ರಶ್ನೆ ಬಂದರೆ ನಾನು "ನೋ" ಎಂದೇ ಹೇಳುತ್ತೇನೆ. ಅದೇ ಬಸ್ಸನ್ನು ಬಿಎಂಸಿಯೂ ಬಳಸುತ್ತಿರಬಹುದು. ಇಬ್ಬರು ಒಟ್ಟಿಗೆ ಕೈ ಹಾಕಿದರೆ ಅಂಕಿ ಕೆಡುತ್ತದೆ.

ಅಂಕಿ ಬಂದ ಮೇಲೆ ಅಸಲು ಕೆಲಸ ಶುರು. ನುವೋಟನ್ ಚಿಪ್ ಇರುವ ಸಾಧಾರಣ ಡೆಸ್ಕ್‌ಟಾಪ್ ಬೋರ್ಡಿನಲ್ಲಿ "ಸೆನ್ಸರ್ಸ್" ಎಂದು ಒತ್ತಿದರೆ ಇಂಥ ಸಾಲುಗಳು ಬರುತ್ತವೆ. ಸಿಸ್‌ಟಿನ್ 36 ಡಿಗ್ರಿ: ಬೋರ್ಡಿನ ಬಿಸಿ, ಇದು ಸಾಮಾನ್ಯವಾಗಿ ಸರಿ. ಸಿಪಿಯುಟಿನ್ 31 ಡಿಗ್ರಿ: ಹೆಸರು ನೋಡಿ ಮೋಸ ಹೋಗಬೇಡಿ; ಎಷ್ಟೋ ಬೋರ್ಡುಗಳಲ್ಲಿ ಸಿಪಿಯುವಿನ ನಿಜವಾದ ಅಂಕಿ ಬರುವುದು ಕೋರ್‌ಟೆಂಪಿನಿಂದ. ಆಕ್ಸ್‌ಟಿನ್1 127 ಡಿಗ್ರಿ, ಆಕ್ಸ್‌ಟಿನ್2 ಮೈನಸ್ 60: ಯಂತ್ರಕ್ಕೆ ಬೆಂಕಿಯೂ ಬಿದ್ದಿಲ್ಲ, ಹಿಮವೂ ಕಟ್ಟಿಲ್ಲ, ಚಿಪ್ಪಿನ ಆ ಕಾಲುಗಳಿಗೆ ಬೋರ್ಡ್ ಮಾಡಿದವರು ಏನನ್ನೂ ಜೋಡಿಸಿಲ್ಲ, ಅಷ್ಟೇ. ಫ್ಯಾನ್3 0 ಆರ್‌ಪಿಎಂ: ಅಲ್ಲಿ ಫ್ಯಾನೇ ಇಲ್ಲದಿರಬಹುದು. ಇನ್1 1.01 ವೋಲ್ಟ್: ಇದು 12 ವೋಲ್ಟಿನ ತಂತಿ ಇರಬಹುದು. ಚಿಪ್ ಅಷ್ಟು ಹೆಚ್ಚು ವೋಲ್ಟೇಜನ್ನು ನೇರವಾಗಿ ಅಳೆಯಲಾರದು, ಅದಕ್ಕೇ ಬೋರ್ಡಿನ ಮೇಲೆ ಎರಡು ರೆಸಿಸ್ಟರ್ ಇಟ್ಟು ಭಾಗಿಸಿ ಕೊಟ್ಟಿರುತ್ತಾರೆ. 12ರಿಂದ ಗುಣಿಸಿದರೆ 12.12 ವೋಲ್ಟ್. ಆ ಗುಣಕ ಒಂದೊಂದು ಬೋರ್ಡಿಗೆ ಒಂದೊಂದು.

ಇವನ್ನೆಲ್ಲ ಸರಿಪಡಿಸುವ ಜಾಗ ಇಟಿಸಿ ಅಡಿಯ ಸೆನ್ಸರ್ಸ್.ಡಿ ಫೋಲ್ಡರ್. ಅಲ್ಲಿ ನಿಮ್ಮ ಬೋರ್ಡಿಗೊಂದು ಫೈಲ್ ಮಾಡಿ, ಬೇಡದ ಸಾಲಿಗೆ ಇಗ್ನೋರ್, ಹೆಸರಿಗೆ ಲೇಬಲ್, ಗುಣಿಸಲು ಕಂಪ್ಯೂಟ್ ಎಂದು ಬರೆಯಬೇಕು. ತಾಳೆ ನೋಡಲು ಬಯಾಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕೋರ್‌ಟೆಂಪಿನ ಒಂದು ಗುಣ ತಿಳಿದಿರಲಿ. ಸಿಪಿಯು ತನ್ನ ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ದೂರವಿದ್ದೇನೆ ಎಂದು ಮಾತ್ರ ಹೇಳುತ್ತದೆ. ಡ್ರೈವರು ಅದನ್ನು ಮಿತಿಯಿಂದ ಕಳೆದು ಉಷ್ಣತೆಯಾಗಿ ತೋರಿಸುತ್ತದೆ. ಮಿತಿಯ ಹತ್ತಿರ ಲೆಕ್ಕ ಚೊಕ್ಕ, ತಣ್ಣಗಿರುವಾಗ ಸಡಿಲ. ಹಾಗಾಗಿ ಖಾಲಿ ಕೂತ ಸರ್ವರಿನ ಎರಡು ಕೋರ್‌ಗಳ ನಡುವೆ ನಾಲ್ಕೈದು ಡಿಗ್ರಿ ವ್ಯತ್ಯಾಸ ಕಂಡು ತಲೆ ಕೆಡಿಸಿಕೊಳ್ಳಬೇಡಿ. ಎಎಂಡಿ ಕಡೆ ಟಿಕಂಟ್ರೋಲ್ ಎಂಬ ಅಂಕಿ ಫ್ಯಾನ್ ನಡೆಸುವುದಕ್ಕಾಗಿ ಇರುವಂಥದು. 2017ರ ರೈಜೆನ್ 1700ಎಕ್ಸ್, 1800ಎಕ್ಸ್‌ಗಳಲ್ಲಿ ಅದು ನಿಜವಾದ ಬಿಸಿಗಿಂತ 20 ಡಿಗ್ರಿ ಹೆಚ್ಚು ತೋರಿಸುತ್ತಿತ್ತು.

ಇನ್ನೊಂದು ಕಾಟ ಎಸಿಪಿಐಯದು, ಅಂದರೆ ಬಯಾಸ್ ಹಾರ್ಡ್‌ವೇರಿನ ವಿವರವನ್ನು ಓಎಸ್‌ಗೆ ಕೊಡುವ ಪದ್ಧತಿಯದು. ಡ್ರೈವರ್ ಸರಿಯಾಗಿಯೇ ಇದೆ, ಆದರೆ ಲೋಡ್ ಆಗದು. ಡಿಮೆಸೇಜ್ ಆದೇಶ ತೋರಿಸುವ ಕರ್ನಲ್ ಸಂದೇಶಗಳಲ್ಲಿ ಎಸಿಪಿಐ ಜತೆ ಜಾಗದ ಜಗಳ ಎಂಬ ಸಾಲು. ಅದೇ ಚಿಪ್ಪಿನ ಪೋರ್ಟುಗಳನ್ನು ಬಯಾಸ್ ತನ್ನದೆಂದು ಹೇಳಿಕೊಂಡಿದೆ ಎಂದರ್ಥ. ಕರ್ನಲ್ ಬೂಟ್ ಸಾಲಿಗೆ ಎಸಿಪಿಐ-ಎನ್‌ಫೋರ್ಸ್-ರಿಸೋರ್ಸಸ್ ಎಂಬುದನ್ನು "ಲ್ಯಾಕ್ಸ್" ಎಂದು ಕೊಟ್ಟರೆ ಡ್ರೈವರ್ ಏಳುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಏಳುವುದು ನಿಜ. ಆದರೆ ಬಯಾಸೂ ಡ್ರೈವರೂ ಒಂದೇ ಚಿಪ್ಪಿಗೆ ಒಮ್ಮೆಗೇ ಬರೆಯುವ ಸಾಧ್ಯತೆಯನ್ನು ನೀವು ಒಪ್ಪಿಕೊಂಡಂತೆ. ಮನೆಯ ಯಂತ್ರಕ್ಕೆ ನಡೆದೀತು. ಸಂಬಳದ ಲೆಕ್ಕ ಇರುವ ಯಂತ್ರಕ್ಕೆ ನಾನು ಹಾಕುವುದಿಲ್ಲ. ಹೊಸ ಐಟಿಇ ಚಿಪ್ಪುಗಳಲ್ಲಿ ಕೆಲವಕ್ಕೆ ಕರ್ನಲ್ಲಿನ ಹೊರಗಿನ ಡ್ರೈವರನ್ನು, ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಿಕೊಡುವ ಡಿಕೆಎಂಎಸ್ ಮೂಲಕ ಕಟ್ಟಿಕೊಳ್ಳಬೇಕಾಗುತ್ತದೆ. ಸಹಿಯಿಲ್ಲದ ಡ್ರೈವರನ್ನು ಒಪ್ಪದ ಸೆಕ್ಯೂರ್ ಬೂಟ್ ಇದ್ದರೆ ಅದಕ್ಕೆ ಸಹಿ ಹಾಕುವ ಕೆಲಸ ಬೇರೆ.

ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಮಾತು. ಸಿಸ್ ಅಡಿಯಲ್ಲಿ ಎಚ್‌ಡಬ್ಲ್ಯೂಮಾನ್0, ಎಚ್‌ಡಬ್ಲ್ಯೂಮಾನ್1 ಎಂದು ಕಾಣುವ ಸಂಖ್ಯೆ ಪ್ರತಿ ಬೂಟಿಗೂ ಒಂದೇ ಇರುತ್ತದೆ ಎಂದೇನಿಲ್ಲ. ಸಂಖ್ಯೆ ನಂಬಿ ಬರೆದ ಸ್ಕ್ರಿಪ್ಟ್ ಒಂದು ದಿನ ಸಿಪಿಯು ಬದಲು ಎನ್‌ವಿಎಂಇ ಡಿಸ್ಕಿನ ಬಿಸಿ ಓದುತ್ತಿರುತ್ತದೆ. ಒಳಗಿನ "ನೇಮ್" ಫೈಲ್ ಓದಿ ಗುರುತು ಹಿಡಿಯಿರಿ. ಅಲ್ಲಿನ ಅಂಕಿ ಡಿಗ್ರಿಯ ಸಾವಿರದ ಒಂದು ಪಾಲಿನಲ್ಲಿರುತ್ತದೆ: 45000 ಎಂದರೆ 45 ಡಿಗ್ರಿ.

ತೂಕಕ್ಕೆ ಹಾಕಿದರೆ: ನೆಟ್‌ವರ್ಕಿನಲ್ಲಿ ಹೊಸ ಬಾಗಿಲಿಲ್ಲ, ಕಾಸಿಲ್ಲ, ಸಿಪಿಯು ಅಂಕಿ ತಕ್ಷಣ ಸಿಗುತ್ತದೆ. ಆದರೆ ಓಎಸ್ ಬಿದ್ದರೆ ಇದೂ ಬಿದ್ದಂತೆ. ಒಳಗಾಳಿ, ಪವರ್ ಸಪ್ಲೈ ಸುದ್ದಿ ಸಾಮಾನ್ಯವಾಗಿ ಇಲ್ಲ. ಡೆಲ್, ಎಚ್‌ಪಿಇ ಸರ್ವರುಗಳಲ್ಲಿ ಸೆನ್ಸರ್ಸ್-ಡಿಟೆಕ್ಟ್ ಓಡಿಸಿ "ಬರೀ ಕೋರ್‌ಟೆಂಪ್ ಸಿಕ್ಕಿತು, ಫ್ಯಾನ್ ಒಂದೂ ಇಲ್ಲ" ಎನ್ನುವವರು ಬಹಳ. ಅಲ್ಲಿ ಫ್ಯಾನುಗಳು ಬಿಎಂಸಿಯ ಕೈಯಲ್ಲಿವೆ, ಇಲ್ಲಿ ಹುಡುಕಿ ಫಲವಿಲ್ಲ.

ಡಿಸ್ಕುಗಳದು ಬೇರೆ ದಾರಿ

2020ರ ಕರ್ನಲ್ 5.6ರಿಂದ ಡ್ರೈವ್‌ಟೆಂಪ್ ಎಂಬ ಡ್ರೈವರ್ ಇದೆ. ಅದನ್ನು ಲೋಡ್ ಮಾಡಿದರೆ ಸಾಟಾ ಡಿಸ್ಕುಗಳ ಬಿಸಿ ಎಲ್‌ಎಂ-ಸೆನ್ಸರ್ಸ್ ಪಟ್ಟಿಯಲ್ಲೇ ಬರುತ್ತದೆ. ಎನ್‌ವಿಎಂಇಗೆ ಅದೂ ಬೇಡ. ಹಳೆಯ ಪಾಠಗಳು ಹೇಳುವ ಎಚ್‌ಡಿಡಿಟೆಂಪ್ ಅನ್ನು ಮರೆತುಬಿಡಿ, ಡೆಬಿಯನ್ 12ರಲ್ಲಿ ಅದಿಲ್ಲ. ಮನೆಯ ಎನ್‌ಎಎಸ್‌ನಲ್ಲಿ (ಫೈಲ್ ಕೂಡಿಡುವ ಯಂತ್ರದಲ್ಲಿ) ಡಿಸ್ಕುಗಳು ಬಿಡುವಿನಲ್ಲಿ ಮಲಗಲಿ ಎಂದಿಟ್ಟಿದ್ದರೆ ಮಾತ್ರ ಎಚ್ಚರ: ಬಿಸಿ ಕೇಳಿದಾಗಲೆಲ್ಲ ಕೆಲವು ಡಿಸ್ಕುಗಳ ನಿದ್ದೆಯ ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಅವು ಮಲಗುವುದೇ ಇಲ್ಲ. ಡಿಸ್ಕಿನ ಆರೋಗ್ಯಕ್ಕೆ ಸ್ಮಾರ್ಟ್‌ಡಿ ಹೇಗೂ ಬೇಕೇ ಬೇಕು.

ಬಿಎಂಸಿ ಮತ್ತು ಐಪಿಎಂಐ: ಹಳಬ, ಆದರೆ ಎಲ್ಲ ಬಲ್ಲವ

ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ 1998ರಲ್ಲಿ ತಂದ ನಿಯಮಾವಳಿ ಐಪಿಎಂಐ. ಇಂದು ಬಳಕೆಯಲ್ಲಿರುವ 2.0 ಆವೃತ್ತಿ 2004ರದು. ಇದರಲ್ಲಿ ಎರಡು ಬಗೆಯಲ್ಲಿ ಮಾತಾಡಬಹುದು, ಈ ವ್ಯತ್ಯಾಸ ತಿಳಿಯದೆ ಮುಂದೆ ಹೋಗಬೇಡಿ.

ಒಂದು, ಸರ್ವರಿನ ಒಳಗಿಂದಲೇ. ಐಪಿಎಂಐ-ಎಸ್‌ಐ, ಐಪಿಎಂಐ-ಡೆವಿಂಟ್‌ಎಫ್ ಮಾಡ್ಯೂಲುಗಳು ಲೋಡ್ ಆದರೆ ಡೆವ್ ಅಡಿಯಲ್ಲಿ ಐಪಿಎಂಐ0 ಹುಟ್ಟುತ್ತದೆ. ಆಮೇಲೆ ಐಪಿಎಂಐಟೂಲ್‌ಗೆ ಎಸ್‌ಡಿಆರ್ ಎಂದರೆ ಬೋರ್ಡಿನ ಸೆನ್ಸರುಗಳೆಲ್ಲ ಹೆಸರು, ಅಂಕಿ, ಸ್ಥಿತಿ ಸಮೇತ ಸಾಲಾಗಿ ಬರುತ್ತವೆ. ಹೆಸರು ಹಚ್ಚುವ, ಗುಣಿಸುವ ರಗಳೆ ಇಲ್ಲ. ಬೋರ್ಡ್ ಮಾಡಿದವರೇ ಅದನ್ನು ಬರೆದಿಟ್ಟಿದ್ದಾರೆ. ಪಾಸ್‌ವರ್ಡ್ ಬೇಡ, ರೂಟ್ ಆಗಿದ್ದರೆ ಸಾಕು. ನನ್ನ ಮಟ್ಟಿಗೆ ಬಿಎಂಸಿ ಇರುವ ಸರ್ವರಿಗೆ ಮೊದಲ ದಿನವೇ ಹಾಕಬೇಕಾದ್ದು ಇದು. ಕೆಸಿಎಸ್ ಎಂಬ ನಿಧಾನದ ದಾರಿಯಲ್ಲಿ ಮಾತುಕತೆ ನಡೆಯುವುದರಿಂದ ಪೂರ್ತಿ ಪಟ್ಟಿ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ. ಟಾಪ್‌ನಲ್ಲಿ ಕೆಐಪಿಎಂಐ0 ಎಂಬ ಥ್ರೆಡ್ ಸಿಪಿಯು ನುಂಗುತ್ತಿರುವಂತೆ ಕಂಡರೆ ಗಾಬರಿ ಬೇಡ. ಅದರ ಆದ್ಯತೆ ಎಲ್ಲರಿಗಿಂತ ಕೆಳಗೆ, ಬೇರೆಯವರಿಗೆ ಬೇಕಾದಾಗ ಬಿಟ್ಟುಕೊಡುತ್ತದೆ. ಆದರೂ ನಿಮಿಷಕ್ಕೊಮ್ಮೆ ಕೇಳಿದರೆ ಸಾಕು, ಸೆಕೆಂಡಿಗೊಮ್ಮೆ ಬೇಡ.

ಇನ್ನೊಂದು, ನೆಟ್‌ವರ್ಕಿನಿಂದ, ಯುಡಿಪಿ ಪೋರ್ಟ್ 623ರಲ್ಲಿ. ಓಎಸ್ ಹ್ಯಾಂಗ್ ಆಗಿದ್ದರೂ, ಸರ್ವರ್ ಆಫ್ ಆಗಿದ್ದರೂ ಉತ್ತರ ಬರುವುದು ಈ ಬಗೆಯಲ್ಲಿ. ಎರಡನೇ ಪ್ರಶ್ನೆಗೆ ಇದರದು ಪೂರ್ಣ ಅಂಕ. ನಾಲ್ಕನೆಯದಕ್ಕೆ ಸೊನ್ನೆ. ಐಪಿಎಂಐ 2.0 ಲಾಗಿನ್ ಪದ್ಧತಿಯಲ್ಲೇ ಒಂದು ದೋಷವಿದೆ: ಕೇಳಿದವರು ಯಾರೆಂದು ಖಾತ್ರಿಯಾಗುವ ಮೊದಲೇ ಬಿಎಂಸಿ ಆ ಬಳಕೆದಾರನ ಪಾಸ್‌ವರ್ಡಿನಿಂದ ಮಾಡಿದ ಹ್ಯಾಶ್ ಕೊಟ್ಟುಬಿಡುತ್ತದೆ. ಅದನ್ನು ಮನೆಗೊಯ್ದು ನಿಧಾನವಾಗಿ ಒಡೆದು ಪಾಸ್‌ವರ್ಡ್ ಕಂಡುಹಿಡಿಯಬಹುದು. 2013ರಲ್ಲಿ ಇದು ಬಯಲಿಗೆ ಬಂತು. ನಿಯಮದಲ್ಲೇ ಇರುವ ದೋಷವಾದ್ದರಿಂದ ಫರ್ಮ್‌ವೇರ್ ಏರಿಸಿ ಸರಿಪಡಿಸಲು ಬರುವುದಿಲ್ಲ. ಪಾಸ್‌ವರ್ಡ್ 20 ಅಕ್ಷರ ದಾಟುವಂತೆಯೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಸೆಕೆಂಡ್ ಹ್ಯಾಂಡ್ ಸರ್ವರ್ ತರುವವರು ಇನ್ನೊಂದು ವಿಷಯ ಗಮನಿಸಬೇಕು. ಹಳೆಯ ಸೂಪರ್‌ಮೈಕ್ರೋ ಬೋರ್ಡುಗಳಲ್ಲಿ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಹಳೆಯ ಡೆಲ್‌ಗಳಲ್ಲಿ ರೂಟ್, ಕ್ಯಾಲ್ವಿನ್. ಇದು ಲೋಕಕ್ಕೆಲ್ಲ ಗೊತ್ತು. ಕೇಬಲ್ ಚುಚ್ಚುವ ಮೊದಲೇ ಬದಲಾಯಿಸಿ.

ಎಲ್ಲಿ ಚುಚ್ಚುತ್ತೀರಿ ಎಂಬುದೂ ಮುಖ್ಯ. ಕೆಲವು ಬೋರ್ಡುಗಳು ಬಿಎಂಸಿಯ ಸ್ವಂತ ಪೋರ್ಟಿನಲ್ಲಿ ಕೇಬಲ್ ಇಲ್ಲದಿದ್ದರೆ ಮೊದಲ ಸಾಧಾರಣ ಲ್ಯಾನ್ ಪೋರ್ಟಿನ ಮೇಲೇ ಬಿಎಂಸಿಯನ್ನು ಎಬ್ಬಿಸುತ್ತವೆ. ಸೂಪರ್‌ಮೈಕ್ರೋದಲ್ಲಿ ಇದಕ್ಕೆ ಫೇಲೋವರ್ ಎನ್ನುತ್ತಾರೆ, ಮೂಲ ಸೆಟ್ಟಿಂಗ್ ಅದೇ. "ನಾನು ಐಪಿಎಂಐ ಕೇಬಲ್ ಹಾಕೇ ಇಲ್ಲ, ನನಗೇನು ಭಯ" ಎಂದು ಕೂತವರ ಬಿಎಂಸಿ ಸಾರ್ವಜನಿಕ ಐಪಿಯ ತಂತಿಯ ಮೇಲೆ ತೆರೆದುಕೊಂಡಿರಬಹುದು. ಸೆಟ್ಟಿಂಗನ್ನು ಡೆಡಿಕೇಟೆಡ್‌ಗೆ ಬದಲಿಸಿ, ಪ್ರತ್ಯೇಕ ವಿಎಲ್ಯಾನ್‌ನಲ್ಲಿ (ನೆಟ್‌ವರ್ಕಿನೊಳಗೆ ಬೇರೆ ಮಾಡಿದ ಭಾಗದಲ್ಲಿ) ಇಡಿ, ಹೊರಗಿನಿಂದ ಬೇಕಾದರೆ ವಿಪಿಎನ್ ಮೂಲಕ ಮಾತ್ರ ಬನ್ನಿ.

ಮನೆಯಲ್ಲಿ ಸರ್ವರ್ ಇಟ್ಟುಕೊಂಡವರು ಸದ್ದಿಗೆ ಬೇಸತ್ತು ಮೆಲ್ಲಗೆ ತಿರುಗುವ ಫ್ಯಾನ್ ಹಾಕಿದಾಗ ಒಂದು ತಮಾಷೆ ನಡೆಯುತ್ತದೆ. ಫ್ಯಾನು ನಿಧಾನವಾಗುತ್ತದೆ, ಬಿಎಂಸಿಯ ಕೆಳಮಿತಿಗಿಂತ ಕೆಳಗಿಳಿಯುತ್ತದೆ. ಫ್ಯಾನ್ ಸತ್ತಿತೆಂದು ಬಿಎಂಸಿ ಎಲ್ಲವನ್ನೂ ಪೂರ್ಣ ವೇಗಕ್ಕೆ ಏರಿಸುತ್ತದೆ. ವೇಗ ಬಂತು, ಸರಿಯಾಯಿತು ಎಂದು ಇಳಿಸುತ್ತದೆ. ಮತ್ತೆ ಕೆಳಮಿತಿ. ರಾತ್ರಿಯಿಡೀ ಇದೇ ಏರಿಳಿತದ ಊಳು. ಐಪಿಎಂಐಟೂಲ್‌ನ ಸೆನ್ಸರ್ ಥ್ರೆಶ್ ಆದೇಶದಲ್ಲಿ ಆ ಫ್ಯಾನಿನ ಮೂರು ಕೆಳಮಿತಿಗಳನ್ನು ಇಳಿಸಿದರೆ ನಿಲ್ಲುತ್ತದೆ. ಇಂಥ ಹಿಡಿತ ಬಿಎಂಸಿ ಇರುವ ಬೋರ್ಡಿನಲ್ಲಿ ಎಲ್‌ಎಂ-ಸೆನ್ಸರ್ಸ್‌ನಿಂದ ಸಿಗುವುದಿಲ್ಲ.

ಬಿಎಂಸಿ ಕೊಡುವ ಇನ್ನೊಂದು ಲಾಭ ಎಸ್‌ಇಎಲ್ ಎಂಬ ದಿನಚರಿ. ರಾತ್ರಿ ಯಂತ್ರ ತಾನಾಗಿ ರೀಬೂಟ್ ಆಗಿದ್ದರೆ, ಪವರ್ ಸಪ್ಲೈ ಹೋಯಿತೋ, ಮೆಮೊರಿಯಲ್ಲಿ ಇಸಿಸಿ ದೋಷ ಬಂತೋ, ಉಷ್ಣತೆ ಮೀರಿತೋ ಎಂಬುದು ಅಲ್ಲಿ ಬರೆದಿರುತ್ತದೆ. ಲಿನಕ್ಸಿನ ಲಾಗಿನಲ್ಲಿ ಸಾಯುವ ಕ್ಷಣದ ಸಾಲು ಸಿಗುವುದು ಅಪರೂಪ. ಆದರೆ ಅದರ ಸಮಯ ಬಿಎಂಸಿಯ ಗಡಿಯಾರದ್ದು, ಅದನ್ನು ನೆಟ್‌ವರ್ಕಿನಿಂದ ಸಮಯ ಸರಿಪಡಿಸುವ ಎನ್‌ಟಿಪಿಗೆ ಜೋಡಿಸದಿದ್ದರೆ ಘಟನೆಯ ಸಮಯ ತಾಳೆಯಾಗದು. ದಿನಚರಿಯ ಜಾಗವೂ ಚಿಕ್ಕದು, ತುಂಬಿದ ಮೇಲೆ ಹೊಸದನ್ನು ಬರೆಯದ ಬೋರ್ಡುಗಳೂ ಇವೆ. ಆಗಾಗ ತೆಗೆದಿಟ್ಟು ಖಾಲಿ ಮಾಡಿ.

ರೆಡ್‌ಫಿಶ್: ಮುಂದಿನ ದಿನಗಳಿಗೆ

ಐಪಿಎಂಐಗೆ ಇನ್ನು ಹೊಸ ಆವೃತ್ತಿ ಬರುವುದಿಲ್ಲವೆಂದು ಅದನ್ನು ತಂದವರೇ ಹೇಳಿ, ರೆಡ್‌ಫಿಶ್ ಕಡೆ ಕೈ ತೋರಿಸಿದ್ದಾರೆ. ಡಿಎಂಟಿಎಫ್ ಸಂಸ್ಥೆ 2015ರಲ್ಲಿ ತಂದ ಇದು ಅದೇ ಬಿಎಂಸಿಯನ್ನು ಎಚ್‌ಟಿಟಿಪಿಎಸ್ ಮೂಲಕ ಕೇಳಿ ಜೆಸನ್‌ನಲ್ಲಿ ಉತ್ತರ ಪಡೆಯುವ ಪದ್ಧತಿ. ಕರ್ಲ್ ಬಂದರೆ ಸಾಕು, ಪೈಥಾನ್ ಬಂದರೆ ಇನ್ನೂ ಸುಲಭ. ಹ್ಯಾಶ್ ಹಂಚುವ ದೋಷ ಇದರಲ್ಲಿಲ್ಲ.

ತೊಡಕು ಎರಡು. ದಾರಿಯ ಹೆಸರು ಎಲ್ಲೆಡೆ ಒಂದೇ ಅಲ್ಲ: ಹಳೆಯ ಫರ್ಮ್‌ವೇರ್ ಚಾಸಿಸ್ ಅಡಿಯಲ್ಲಿ ಥರ್ಮಲ್ ಎಂಬಲ್ಲಿ ಅಂಕಿ ಇಟ್ಟರೆ ಹೊಸದು ಥರ್ಮಲ್‌ಸಬ್‌ಸಿಸ್ಟಂ ಎಂಬಲ್ಲಿ ಇಡುತ್ತದೆ. ಹಾಗಾಗಿ ಮೂರು ಕಂಪನಿಗಳ ಸರ್ವರಿದ್ದರೆ ಒಂದೇ ಸ್ಕ್ರಿಪ್ಟ್ ತಿದ್ದದೆ ಓಡುವುದು ಕಷ್ಟ. ಇನ್ನೊಂದು, ಹಳೆಯ ಬೋರ್ಡುಗಳಲ್ಲಿ ಇದು ಇಲ್ಲ, ಇದ್ದರೂ ಅರೆಬರೆ. ಹತ್ತಿಪ್ಪತ್ತು ಹೊಸ ಸರ್ವರುಗಳನ್ನು ನೋಡಿಕೊಳ್ಳುವವರು ಇದರಿಂದಲೇ ಶುರು ಮಾಡಿ, ಬಿಎಂಸಿಯಲ್ಲಿ ನೆಟ್‌ವರ್ಕ್ ಐಪಿಎಂಐಯನ್ನು ಆಫ್ ಮಾಡಿಬಿಡಿ. ಒಂದೇ ಒಂದು ಹಳೆಯ ಸರ್ವರ್ ಇರುವವರಿಗೆ ಇದರ ಗೊಡವೆ ಬೇಡ. ಬಿಎಂಸಿಯ ಒಳಗಿನ ಸಾಫ್ಟ್‌ವೇರೂ ಮುಕ್ತವಾಗಿರಬೇಕು ಎನ್ನುವವರಿಗೆ 2018ರಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿರುವ ಓಪನ್‌ಬಿಎಂಸಿ ಇದೆ, ಅದನ್ನು ಒಪ್ಪುವ ಬೋರ್ಡ್ ಹುಡುಕಿ ಕೊಳ್ಳಬೇಕಷ್ಟೆ.

ಬಿಎಂಸಿ ಇಲ್ಲದವರಿಗೆ ಹೊರಗಿನ ಕಣ್ಣು

ಡಿಎಸ್18ಬಿ20 ಎಂಬ ಮೂರು ಕಾಲಿನ ಸೆನ್ಸರ್, ತಂತಿ ಸಮೇತ, ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಒಂದು ಹಳೆಯ ರಾಸ್ಬೆರಿ ಪೈ ಮೂಲೆಯಲ್ಲಿ ಬಿದ್ದಿದ್ದರೆ 4.7 ಕಿಲೋಓಮ್ ರೆಸಿಸ್ಟರ್ ಜತೆ ಅದಕ್ಕೆ ಜೋಡಿಸಿ, ತುದಿಯನ್ನು ಸರ್ವರಿನ ಮುಂಬದಿಯ ಜಾಲರಿಯ ಹತ್ತಿರ ಇಳಿಬಿಡಿ. ಮೈನಸ್ 10ರಿಂದ 85 ಡಿಗ್ರಿವರೆಗೆ ಅರ್ಧ ಡಿಗ್ರಿ ಆಚೀಚೆ ನಿಖರತೆ. ನಮಗೆ ಬೇಕಾದ ಒಳಗಾಳಿಯ ಅಂಕಿ ಸಿಕ್ಕಿತು, ಅದೂ ಸರ್ವರಿನ ಓಎಸ್ ಹಂಗಿಲ್ಲದೆ. ಒಂದೇ ಕೊಸರು: ಕರೆಂಟು ಬಂದ ಕೂಡಲೇ, ಅಳತೆ ಮುಗಿಯುವ ಮೊದಲೇ ಓದಿದರೆ ಈ ಸೆನ್ಸರ್ ಸರಿಯಾಗಿ 85 ಡಿಗ್ರಿ ಎನ್ನುತ್ತದೆ. ಸ್ಕ್ರಿಪ್ಟಿನಲ್ಲಿ ಆ ಅಂಕಿಯನ್ನು ಒಮ್ಮೆಗೇ ನಂಬದೆ ಎರಡನೇ ಸಲ ಕೇಳಿ, ಇಲ್ಲದಿದ್ದರೆ ಪ್ರತಿ ಕರೆಂಟು ಕಡಿತಕ್ಕೂ ಸುಳ್ಳು ಕೂಗು. ಐದು ಪ್ರಶ್ನೆಗಳಲ್ಲಿ ಖರ್ಚಿಗೆ ತಕ್ಕ ಫಲ ಇದರಷ್ಟು ಕೊಡುವುದು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಎಸ್‌ಡಿ ಕಡೆಯವರು

ಲಿನಕ್ಸ್ ಬದಲು ಓಪನ್‌ಬಿಎಸ್‌ಡಿ ಎಂಬ ಓಎಸ್ ಬಳಸುವವರು ಇಷ್ಟೆಲ್ಲ ಓದಿ ನಗುತ್ತಿರಬಹುದು. ಅಲ್ಲಿ ಹುಡುಕುವ ಸ್ಕ್ರಿಪ್ಟೇ ಇಲ್ಲ. ಬೂಟ್ ಆಗುವಾಗ ಕರ್ನಲ್ ತಾನೇ ಪತ್ತೆ ಹಚ್ಚುತ್ತದೆ, ಸಿಸ್‌ಸಿಟಿಎಲ್‌ನಲ್ಲಿ ಎಚ್‌ಡಬ್ಲ್ಯೂ.ಸೆನ್ಸರ್ಸ್ ಕೇಳಿದರೆ ಆಯಿತು, ಮಿತಿ ಕಾಯಲು ಸೆನ್ಸರ್ಸ್‌ಡಿ ಜತೆಗೇ ಬರುತ್ತದೆ. ಅದೇ ಚೌಕಟ್ಟನ್ನು 2007ರಲ್ಲಿ ಫ್ರೀಬಿಎಸ್‌ಡಿಗೂ ತಂದಿದ್ದರು, ಸೇರಿಸಿದ ಬೆನ್ನಿಗೇ ಜಗಳವಾಗಿ ವಾಪಸ್ ತೆಗೆದರು. ಹಾಗಾಗಿ ಫ್ರೀಬಿಎಸ್‌ಡಿಯ ಮೇಲೆ ಕಟ್ಟಿದ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಫೈರ್‌ವಾಲುಗಳಲ್ಲಿ ಸೆಟ್ಟಿಂಗಿಗೆ ಹೋಗಿ ಇಂಟೆಲ್ಲೋ ಎಎಂಡಿಯೋ ಆರಿಸಿದರೆ ಸಿಪಿಯು ಬಿಸಿ ಬರುತ್ತದೆ. ಫೈರ್‌ವಾಲ್ ಪೆಟ್ಟಿಗೆಗೆ ಅಷ್ಟು ಸಾಕು.

ಕೂಗುವವರು ಯಾರು

ಒಂದೇ ಸರ್ವರ್, ಗ್ರಾಫ್ ಬೇಡ, ಮಿತಿ ಮೀರಿದರೆ ಟೆಲಿಗ್ರಾಮಿಗೆ ಸಂದೇಶ ಬಂದರೆ ಸಾಕು ಎನ್ನುವವರಿಗೆ ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಧಾರಾಳ.

ಹಾಕಿದ ಗಳಿಗೆಯಿಂದ ಚಿತ್ರ ಬೇಕೆಂದರೆ ನೆಟ್‌ಡೇಟಾ. ಪೋರ್ಟ್ 19999ರಲ್ಲಿ ಸೆಕೆಂಡ್ ಸೆಕೆಂಡಿನ ಗ್ರಾಫ್ ತೆರೆದುಕೊಳ್ಳುತ್ತದೆ. ಐಪಿಎಂಐ ಬೇಕಾದರೆ ಫ್ರೀಐಪಿಎಂಐ ಪ್ಲಗಿನ್ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಏಜೆಂಟ್ ಜಿಪಿಎಲ್ ಅಡಿಯಲ್ಲಿದೆ, ಆದರೆ ಅದರ ಹೊಸ ಡ್ಯಾಶ್‌ಬೋರ್ಡ್ ಮುಕ್ತ ತಂತ್ರಾಂಶವಲ್ಲ. ಇದು ಮುಖ್ಯವೆನಿಸುವವರು ಪ್ರೊಮಿಥಿಯಸ್‌ಗೆ ಹೋಗಿ. ಅಲ್ಲಿ ನೋಡ್ ಎಕ್ಸ್‌ಪೋರ್ಟರ್ ಎಚ್‌ಡಬ್ಲ್ಯೂಮಾನ್ ಅಂಕಿಗಳನ್ನು ತಾನಾಗಿಯೇ ಪೋರ್ಟ್ 9100ರಲ್ಲಿ ಕೊಡುತ್ತದೆ, ಬಿಎಂಸಿಗೆ ಐಪಿಎಂಐ ಎಕ್ಸ್‌ಪೋರ್ಟರ್ 9290ರಲ್ಲಿ. ಆದರೆ ಪ್ರೊಮಿಥಿಯಸ್, ಗ್ರಾಫಾನಾ, ಅಲರ್ಟ್‌ಮ್ಯಾನೇಜರ್ ಎಂದು ಮೂರು ಕೂರಿಸಬೇಕು. ಎರಡು ಸರ್ವರಿಗೆ ಇದು ಅತಿಯಾಯಿತು, ಇಪ್ಪತ್ತಕ್ಕೆ ಹದವಾಯಿತು. ಸ್ವಿಚ್ಚು, ಪ್ರಿಂಟರ್, ಯುಪಿಎಸ್ ಎಲ್ಲ ಒಂದೇ ಕಡೆ ಬೇಕೆನ್ನುವ ಕಾಲೇಜು, ಸಹಕಾರಿ ಬ್ಯಾಂಕುಗಳಿಗೆ ಜ್ಯಾಬಿಕ್ಸ್ ಹೊಂದುತ್ತದೆ. ಐಪಿಎಂಐ ಕೇಳುವ ಶಕ್ತಿ ಅದರಲ್ಲೇ ಇದೆ, ಆದರೆ ಸ್ಟಾರ್ಟ್‌ಐಪಿಎಂಐಪೋಲರ್ಸ್ ಎಂಬ ಸೆಟ್ಟಿಂಗ್ ಮೊದಲಿಗೆ 0 ಇರುತ್ತದೆ. ಅದನ್ನು ಏರಿಸದೆ ಅಂಕಿ ಬರಲಿಲ್ಲವೆಂದು ಕಾಯಬೇಡಿ.

ಯಾವುದನ್ನೇ ಹಾಕಿ, ಕೂಗುವವನು ಅದೇ ಸರ್ವರಿನಲ್ಲಿ ಕೂತಿರಬಾರದು. ಯಂತ್ರ ಸತ್ತರೆ ಸತ್ತೆ ಎಂದು ಹೇಳುವವರೇ ಇರುವುದಿಲ್ಲ.

ಯಾರಿಗೆ ಯಾವುದು

ಹಳೆಯ ಡೆಸ್ಕ್‌ಟಾಪನ್ನೇ ಫೈಲ್ ಸರ್ವರ್ ಮಾಡಿಕೊಂಡ ಅಂಗಡಿ, ಕಚೇರಿಗಳಿಗೆ ಎಲ್‌ಎಂ-ಸೆನ್ಸರ್ಸ್, ಡ್ರೈವ್‌ಟೆಂಪ್, ಮುಂದೊಂದು ಡಿಎಸ್18ಬಿ20. ಬೋರ್ಡ್ ಎಸಿಪಿಐ ಜಗಳ ತೆಗೆದರೆ ಫ್ಯಾನಿನ ಅಂಕಿಯ ಆಸೆ ಬಿಟ್ಟು ಸಿಪಿಯು, ಡಿಸ್ಕು, ಒಳಗಾಳಿ ಮೂರರಲ್ಲೇ ತೃಪ್ತಿಪಡಿ.

ಸೆಕೆಂಡ್ ಹ್ಯಾಂಡ್ ರ್‍ಯಾಕ್ ಸರ್ವರ್ ಕೊಂಡವರಿಗೆ ಒಳಗಿನಿಂದ ಐಪಿಎಂಐಟೂಲ್. ನೆಟ್‌ವರ್ಕ್ ಐಪಿಎಂಐ ಬೇಕೇಬೇಕೆಂದರೆ ಮಾತ್ರ, ಅದೂ ಪ್ರತ್ಯೇಕ ತಂತಿಯಲ್ಲಿ. ಸೆನ್ಸರ್ ಓದಲು ಐಡ್ರಾಕ್, ಐಎಲ್‌ಒಗಳ ದುಬಾರಿ ಲೈಸೆನ್ಸ್ ಬೇಡ. ದೂರದಿಂದ ಪರದೆ ನೋಡುವಂಥ ಸೌಲಭ್ಯಕ್ಕೆ ಅದು ಬೇಕಾಗುವುದು, ಮಾರುವವರು ಎರಡನ್ನೂ ಸೇರಿಸಿ ಹೇಳಿದರೆ ನಂಬಬೇಡಿ.

ಹೊಸ ಬೋರ್ಡ್ ಕೊಳ್ಳುವ ಹಂತದಲ್ಲಿದ್ದು, ಸರ್ವರ್ ಇರುವ ಊರು ನೀವಿರುವ ಊರಿನಿಂದ ದೂರವಿದ್ದರೆ ಬಿಎಂಸಿ ಇರುವ ಬೋರ್ಡಿಗೆ ಹೆಚ್ಚು ಹಣ ಕೊಡುವುದು ನ್ಯಾಯ. ಒಂದು ಭಾನುವಾರ ಬಸ್ಸು ಹತ್ತಿ ಹೋಗಿ ಪವರ್ ಬಟನ್ ಒತ್ತಿ ಬರುವುದು ತಪ್ಪಿದರೂ ಲಾಭವೇ. ಪಕ್ಕದ ಕೋಣೆಯಲ್ಲೇ ಸರ್ವರ್ ಇದ್ದರೆ ಆ ಹಣವನ್ನು ಮೆಮೊರಿಗೆ ಹಾಕಿ.

ಮಿತಿಗಳನ್ನು ಇಡುವಾಗ ಒಳಗಾಳಿಗೆ 32 ಡಿಗ್ರಿಯಲ್ಲಿ ಎಚ್ಚರಿಕೆ, 38ರಲ್ಲಿ ಶಟ್‌ಡೌನ್ ಎಂದು ನಾನು ಶುರು ಮಾಡುತ್ತೇನೆ, ಆಮೇಲೆ ಕೋಣೆ ನೋಡಿ ತಿದ್ದುವುದು. ಸಿಪಿಯುವಿಗೆ ಡ್ರೈವರು ತೋರಿಸುವ ಹೈ ಅಂಕಿ ಐದು ನಿಮಿಷ ಸತತ ಮೀರಿದರೆ ಮಾತ್ರ ಕೂಗು. ಫ್ಯಾನಿಗೆ ಕೆಳಮಿತಿ ಒಂದೇ ಸಾಕು. ಎಲ್ಲ ಆದ ಮೇಲೆ ಕೆಲಸವಿಲ್ಲದ ಹೊತ್ತು ನೋಡಿ, ಪೆಟ್ಟಿಗೆ ತೆರೆದು, ಕೇಸಿನ ಫ್ಯಾನ್ ಒಂದರ ಕನೆಕ್ಟರನ್ನು ಕಿತ್ತು ನಿಲ್ಲಿ. ಎರಡು ನಿಮಿಷದೊಳಗೆ ಫೋನಿಗೆ ಸಂದೇಶ ಬರಲಿಲ್ಲವೆಂದರೆ ಸರಪಳಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿದೆ. ಐಪಿಎಂಐಟೂಲ್ ಅಥವಾ ಸೆನ್ಸರ್ಸ್ ಆದೇಶದಲ್ಲಿ 0 ಆರ್‌ಪಿಎಂ ಕಾಣುತ್ತಿದೆಯೇ ಎಂಬಲ್ಲಿಂದ ಹುಡುಕಲು ಶುರು ಮಾಡಿ.